ಅವರ್ಸಾಕ್ಕೆ ಹೋಗಿ ಪಾಲು ತಂದದ್ದು

ಮಂಗಳೂರಿನಿಂದ ಬೆಳಗಿನ ರೈಲು ಹಿಡಿದು ಅಂಕೋಲೆಯಲ್ಲಿ ಇಳಿದಾಗ ಮಳೆ ಜೋರಾಗಿತ್ತು. ಕೊಡೆಯನ್ನು ರೈಲಿನಲ್ಲೇ ಮರೆತೆ. ಆಪರೇಷನ್ ಥಿಯೇಟರಿನಲ್ಲಿ ಒಂದು ಸೂಜಿ ಮರೆಯದವಳಿಗೆ ಹೊರಗೆ ಬಂದರೆ ಇದೇ ಹಣೆಬರಹ.

ಗಣಪಣ್ಣ ತಪಾಸಣೆಗೆ ಬಂದಿರಲಿಲ್ಲ, ಫೋನೂ ಹತ್ತುತ್ತಿರಲಿಲ್ಲ. ಅವರು ಅವರ್ಸಾದ ತಾಂಡೇಲರು, ದೋಣಿ ನಡೆಸುವವರು. ಗುದನಾಳದ ಕ್ಯಾನ್ಸರಿಗೆ ರೋಬೋಟಿನ ಮೂಲಕ ನಾನು ಪೂರ್ತಿಯಾಗಿ ಮಾಡಿದ ಮೊದಲ ಶಸ್ತ್ರಚಿಕಿತ್ಸೆ ಅವರದು. ರೋಗ ಮರಳಿತೋ ಏನೋ ಎಂಬ ಹೆದರಿಕೆ ನನ್ನನ್ನು ರಜೆಯ ದಿನ ಮನೆಯಲ್ಲಿ ಕೂರಗೊಡಲಿಲ್ಲ.

ಆಟೋ ಹಿಡಿದು ಅವರ್ಸಾ ಮುಟ್ಟಿದೆ. ಗಣಪಣ್ಣನ ಹೆಂಡತಿ ಶೇವಂತಕ್ಕ ಬಾಗಿಲಲ್ಲೇ ಟವೆಲು ಕೊಟ್ಟರು.

"ಅವ್ರೆಲ್ಲಿದ್ದಾರೆ? ಹುಷಾರಾಗಿದ್ದಾರಾ?"

"ಮನೇಲಿ ನಿಂತ್ರಲ್ವಾ ಕೇಳೂದು? ಮಳೆಗಾಲದಲ್ಲಿ ಮೀನು ಹಿಡೂಕಿಲ್ಲ ಅನ್ನೂ ಬಂದಿ ಮುಗೀತು, ಮೀನಿಗೆ ಹೋದ್ರು. ಫೋನು ನೀರಿಗೆ ಬಿತ್ತು. ಕಾರವಾರ ಬಂದರಕ್ಕೆ ಹೋಗಿ, ಸಿಗ್ತಾರೆ. ಮೊದಲು ಗಂಜಿ ಉಣ್ಣಿ."

ಗಂಜಿ, ಒಣಸಿಗಡಿ ಚಟ್ನಿ ಉಂಡು ಕಾರವಾರದ ಬಸ್ಸು ಹತ್ತಿದೆ. ಅರ್ಧ ಸಮಾಧಾನ. ಕಣ್ಣಾರೆ ಕಾಣದೆ ಉಳಿದರ್ಧ ಬರುವಂತಿರಲಿಲ್ಲ.

ತೋಡೂರು ದಾಟುವಾಗ ಕಲಿತ ದಿನಗಳು ನೆನಪಾದವು. ಮೊದಲು ತಿಂಗಳುಗಟ್ಟಲೆ ಪರದೆಯ ಮೇಲೆ ಸುಳ್ಳು ಗಂಟು ಹಾಕಿದ್ದು. ಆಮೇಲೆ ರೋಗಿಯ ಪಕ್ಕ ನಿಂತು ಯಂತ್ರದ ತೋಳಿಗೆ ಸಲಕರಣೆ ಬದಲಿಸಿದ್ದು. ಆಮೇಲೆ ಗುರುಗಳು ಬಿಟ್ಟುಕೊಟ್ಟ ಒಂದೊಂದು ತುಣುಕು ಕೆಲಸ. ಯಂತ್ರದ ಕೈಗೆ ಸ್ಪರ್ಶ ತಿಳಿಯುವುದಿಲ್ಲ. ದಾರ ಬಿಗಿಯಾಯಿತೇ ಎಂದು ಕಣ್ಣೇ ಹೇಳಬೇಕು. ಗಂಡಸರ ಇಕ್ಕಟ್ಟಾದ ಸೊಂಟದೊಳಗೆ, ಮೂತ್ರದ ನರಗಳಿಗೆ ಪೆಟ್ಟಾಗದಂತೆ, ಗಡ್ಡೆಯ ಸುತ್ತಲಿನ ಕೊಬ್ಬಿನ ಪದರವನ್ನು ಹರಿಯದೆ ಬಿಡಿಸಬೇಕು. ಗುರುಗಳು ಪಕ್ಕದ ಇನ್ನೊಂದು ಆಸನದಲ್ಲಿ ಕೂತು ಬೈಯುತ್ತಲೇ ಕಲಿಸಿದರು.

"ಇದು ನಾನೇ ಪೂರ್ತಿ ಮಾಡುವ ಮೊದಲನೆಯದು" ಎಂದು ಗಣಪಣ್ಣನಿಗೆ ಮುಂಚೆಯೇ ಹೇಳಿದ್ದೆ. ಅವರು ಕೇಳಿದ್ದು ಒಂದೇ: "ಪಕ್ಕ ಕೂತವ್ರಿಗೆ ಚುಕ್ಕಾಣಿ ಕಸಿದುಕೊಳ್ಳೂಕೆ ಬರ್ತದಾ?"

"ಬರುತ್ತೆ."

"ಹಾಗಾರೆ ಮಾಡಿ. ನಾ ಕಲ್ತದ್ದೂ ಹಾಗೇಯ."

ಆ ಒಪ್ಪಿಗೆಯ ಋಣ ನನ್ನ ಮೇಲೆ ಹಾಗೇ ಇದೆ.

ಬಂದರದಲ್ಲಿ ಬಹಳ ಹೊತ್ತು ಕಾದೆ. ದೋಣಿ ಬಂತು. ಗಣಪಣ್ಣ ಯಾರ ಕೈಯನ್ನೂ ಹಿಡಿಯದೆ ದಕ್ಕೆಯ ಕಟ್ಟೆಗೆ ಹಾರಿದರು. ನನ್ನ ಕಣ್ಣು ತುಂಬಿತು. ಬೈಯಲೆಂದು ಕೂಡಿಟ್ಟ ಮಾತೆಲ್ಲ ಮರೆತೇಹೋಯಿತು.

"ಸೋಮವಾರ ಬರ್ತೆ ಡಾಕ್ಟ್ರೆ, ಆಣೆ. ಎಂತದೂ ತೊಂದ್ರೆ ಇಲ್ಲ, ಬಲೆ ಮಾತ್ರ ಎಳೂದಿಲ್ಲ." ಆಳುಗಳು ಮೀನು ಪಾಲು ಹಾಕುತ್ತಿದ್ದರು. ಗಣಪಣ್ಣ ನನ್ನತ್ತ ತಿರುಗಿ ಕೇಳಿದರು, "ನಮ್ಮ ದೋಣೀಲಿ ಹೊಸ ತಾಂಡೇಲ ತನ್ನ ಮೊದಲ ಪಾಲು ಕಲಿಸಿದವ್ರಿಗೆ ಕೊಡ್ತ. ನೀವು ಕೊಟ್ರಾ?"

"ಇಲ್ಲ."

"ಎಂತಾ ಜನ ನೀವು." ತಮ್ಮ ಪಾಲಿನಿಂದಲೇ ಬಂಗಡೆ ಆರಿಸಿ, ಐಸು ಹಾಕಿ ಡಬ್ಬಿ ಕಟ್ಟಿಸಿದರು. "ಇದ್ನ ಅವ್ರಿಗೆ ಮುಟ್ಸಿ."

ಕಾರವಾರದಿಂದ ಮಂಗಳೂರಿನವರೆಗೆ ಡಬ್ಬಿ ಮಡಿಲಲ್ಲೇ ಇತ್ತು. ಎದುರಿಗೆ ಕೂತ ಹೆಂಗಸು ಕುಂದಾಪುರದವರೆಗೂ ಮೂಗಿಗೆ ಸೆರಗು ಹಿಡಿದಿದ್ದರು. ನಮ್ಮ ಗುರುಗಳು ಹುಟ್ಟಿದಾರಭ್ಯ ಮೀನು ಮುಟ್ಟಿದವರಲ್ಲ. ಅದನ್ನು ಗಣಪಣ್ಣನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಸ್ಟೇಷನ್ನಿನಿಂದ ನೇರ ಗುರುಗಳ ಮನೆಗೆ ಹೋಗಿ, ಯಾರು ಕಳಿಸಿದ್ದು, ಏಕೆ ಕಳಿಸಿದ್ದು ಎಂದು ಹೇಳಿದೆ. ಡಬ್ಬಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗುರುಗಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಹೇಗೆ ನಡೀತಾನೆ?" ಎಂದರು.

"ದೋಣಿಯಿಂದ ಹಾರಿದರು, ಸರ್."

ಅವರು ಡಬ್ಬಿ ಕೆಳಗಿಡದೆ ಬಾಗಿಲಲ್ಲೇ ನಿಂತಿದ್ದರು.