ಮೇಲಿಂದ ನೋಡುವ ಕಳೆಯಂತ್ರ

ಬೀಜದ ಭತ್ತಕ್ಕೆಂದು ಒಂದು ಸಣ್ಣ ಗದ್ದೆಯನ್ನು ನಾನು ಬೇರೆಯೇ ಇಡುತ್ತೇನೆ. ಅದರಲ್ಲಿ ಭತ್ತದಂತೆಯೇ ಕಾಣುವ ಒಂದು ಹುಲ್ಲು ಹುಟ್ಟುತ್ತದೆ. ತೆನೆ ಬರುವ ಮೊದಲು ಅದನ್ನು ಕೀಳದಿದ್ದರೆ ಅದರ ಕಾಳು ಬೆರೆತು ಬೀಜ ಕೆಟ್ಟಂತೆಯೇ. ಐವತ್ತು ವರ್ಷ ನಾನೇ ಕಿತ್ತೆ. ಈ ಸಲ ಮಂಡಿ ಮಡಚಲಿಲ್ಲ. ಹೊಸನಗರದವರೆಗೆ ಹೇಳಿ ಕಳಿಸಿದರೂ ಆಳು ಸಿಗಲಿಲ್ಲ.

ಕೃಷಿ ಕಾಲೇಜಿನಲ್ಲಿ ಓದುವ ಮೊಮ್ಮಗಳು ಕ್ಯಾಮರಾ ಇರುವ ಕಳೆಯಂತ್ರವನ್ನು ತಂದಳು. ಅದು ಒಂದೊಂದೇ ಗಿಡ ಗುರುತಿಸಿ ಕಳೆಯನ್ನು ಮಾತ್ರ ಕೀಳುತ್ತದಂತೆ. ಮೊದಲು ಅದಕ್ಕೆ ಕಲಿಸಬೇಕೆಂದು, ಅದು ಮೇಲಿಂದ ತೆಗೆದ ಫೋಟೋ ನನಗೆ ತೋರಿಸಿದಳು.

"ಇದ್ರಲ್ಲಿ ಬತ್ತ ಯಾವ್ದು ಅಜ್ಜಿ?"

ನನಗೆ ಗೊತ್ತಾಗಲಿಲ್ಲ.

"ಎಂತ ಅಜ್ಜಿ, ಐವತ್ತು ವರ್ಷ ಕಿತ್ತಿದ್ದು ಸುಳ್ಳಾ?"

"ಎಲೆ ಬಿಡಿಸಿ ನೋಡ್ಬೇಕು ಮಾರಾಯ್ತಿ. ಎಲೆ ದಂಟಿಗೆ ಸೇರೋ ಕಡೆ ಬತ್ತಕ್ಕೆ ಬಿಳಿ ಪೊರೆ ಇರ್ತದೆ, ಆ ಹುಲ್ಲಿಗೆ ಇರಲ್ಲ. ನಿನ್ನ ಕ್ಯಾಮರಾ ಬರೀ ನೆತ್ತಿ ನೋಡ್ತದೆ."

"ಹಂಗಾದ್ರೆ ಪಕ್ಕದಿಂದ ನೋಡೋ ಕ್ಯಾಮರಾನೂ ಬೇಕು. ಇರೋದು ಇದೊಂದೇ."

ಆದರೂ ಒಂದು ಸಾಲಿಗೆ ಬಿಟ್ಟು ನೋಡಿದಳು. ಯಂತ್ರ ಕಿತ್ತದ್ದನ್ನು ಅಂಚಿನ ಮೇಲೆ ಕೂತಿದ್ದ ನನ್ನೆದುರು ತಂದು ಹಾಕಿದಳು. ಎಲೆ ಬಿಡಿಸಿ ನೋಡಿದರೆ ಅರ್ಧಕ್ಕರ್ಧ ಭತ್ತ. ನಿಲ್ಲಿಸು ಎಂದೆ.

ಸಂಜೆಯವರೆಗೆ ಅವಳು ಕೈಯಲ್ಲೇ ಕಿತ್ತಳು. ಒಂದು ಮೂಲೆಯಷ್ಟೇ ಮುಗಿಯಿತು. ಮರುದಿನ ಯಂತ್ರವನ್ನು ಕಾಲೇಜಿಗೆ ಒಪ್ಪಿಸಬೇಕಿತ್ತು, ಹೋದಳು.

ಈಗ ಹುಲ್ಲು ತೆನೆ ಬಿಟ್ಟು ಭತ್ತಕ್ಕಿಂತ ಒಂದು ಗೇಣು ಎತ್ತರ ನಿಂತಿದೆ. ಅಂಚಿನಿಂದಲೇ ಒಂದೊಂದೂ ಕಾಣುತ್ತದೆ. ಈಗಾದರೆ ಆ ಕ್ಯಾಮರಾಕ್ಕೂ ಗುರುತು ಸಿಗುತ್ತಿತ್ತು. ಆದರೆ ಹುಲ್ಲಿನ ಕಾಳು ಆಗಲೇ ಗದ್ದೆಗೆ ಉದುರತೊಡಗಿದೆ.