ಎರಡನೇ ಬ್ರೇಕು

ಕಾರಿನ ಬಾಗಿಲು ತೆಗೆದು, ಗುಡಿಯ ಮುಂದೆ ಬಿಡುವ ಹಾಗೆ ಚಪ್ಪಲಿಗಳನ್ನು ರಸ್ತೆಯ ಮೇಲೆ ಬಿಟ್ಟು, ಅವರು ಬರಿಗಾಲಲ್ಲಿ ಒಳಗೆ ಕೂತರು. ಅಗಲವಾದ ಪಾದ. ಬಿರಿದ ಹಿಮ್ಮಡಿ. ಹೆಬ್ಬೆರಳು ಉಳಿದ ನಾಲ್ಕರ ಜೊತೆ ಜಗಳಾಡಿ ಬೇರೆ ಮನೆ ಮಾಡಿದ ಹಿರೇಮಗನ ಹಾಗೆ ದೂರ ನಿಂತಿತ್ತು. ನಾನು ಹಾವೇರಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನು. ಕಲಿಯಲು ಬಂದವರ ಮುಖಕ್ಕಿಂತ ಮೊದಲು ಕಾಲು ನೋಡುವುದು ರೂಢಿ. ಇಂಥ ಕಾಲು ನೋಡಿರಲಿಲ್ಲ.

"ಚಪ್ಪಲ್ ಹಾಕ್ಕೊಳ್ರಿ ಅಕ್ಕಾರ. ಪೆಡಲ್ ಜಾರತಾವು."

"ಪೆಡಲ್ ಏನ್ ಹೇಳತೈತಿ ಅನ್ನೂದು ಚಪ್ಪಲಿಗೆ ತಿಳೀತೈತೇನ್ರಿ ಗುರುಗಳ?" ಅಂದರು.

ಅರ್ಧ ಗಂಟೆ ಸುತ್ತಿ ಬರುವಷ್ಟರಲ್ಲಿ ಒಂದು ಚಪ್ಪಲಿ ಇದ್ದಲ್ಲೇ ಇತ್ತು. ಇನ್ನೊಂದನ್ನು ಎದುರಿನ ಚಹಾದಂಗಡಿಯವನು ನಾಯಿಯ ಬಾಯಿಂದ ಬಿಡಿಸಿ ಇಟ್ಟಿದ್ದ. ಮರುದಿನದಿಂದ ಅವರು ಚಪ್ಪಲಿ ಬಿಡುವುದು, ನಾನು ಎತ್ತಿ ಹಿಂದಿನ ಸೀಟಿನ ಕೆಳಗೆ ಇಡುವುದು, ಹೀಗೊಂದು ಪದ್ಧತಿ ಬಿತ್ತು. ಗುರು ಎನಿಸಿಕೊಂಡವನು ಶಿಷ್ಯೆಯ ಚಪ್ಪಲಿ ಎತ್ತುವ ಡ್ರೈವಿಂಗ್ ಸ್ಕೂಲು ಜಿಲ್ಲೆಯಲ್ಲಿ ನನ್ನದೊಂದೇ ಇರಬೇಕು.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕಾರು ಅನ್ನುತ್ತೇವೆ. ಇವರು ಶಾಲೆಯಲ್ಲಿ ಕಲಿಸಿದವರಲ್ಲ. ಮೂವತ್ತು ವರ್ಷ ದೊಡ್ಡ ಊರುಗಳ ರಂಗಮಂದಿರಗಳಲ್ಲಿ ಕುಣಿದು, ಮೊಣಕಾಲು ಕೈಕೊಟ್ಟ ಮೇಲೆ ಬೇರೆಯವರಿಗೆ ನೃತ್ಯ ಕಟ್ಟಿಕೊಡುತ್ತ, ಐವತ್ತೆಂಟಕ್ಕೆ ಹಾವೇರಿಗೆ ಬಂದು ಒಂದು ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆ ಬಾಡಿಗೆ ಹಿಡಿದಿದ್ದರು. ಹುಟ್ಟಿದ್ದು ಗುತ್ತಲದ ಕಡೆ. ಅಷ್ಟು ದೊಡ್ಡ ಊರು ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಅಂತ ಕೇಳಿದರೆ, "ಇಲ್ಲಿ ಮಂದಿ ಚಂದ ನಡೀತಾರ್ರಿ" ಅನ್ನುತ್ತಿದ್ದರು. ನಾನು ರಸ್ತೆಯ ಮೇಲಿನ ಮಂದಿಯನ್ನು ನೋಡುತ್ತಿದ್ದೆ. ನನಗೆ ಅವರೆಲ್ಲ ಕಾರಿಗೆ ಅಡ್ಡ ಬರುವವರ ಹಾಗೆ ಕಾಣುತ್ತಿದ್ದರು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಹೊತ್ತು ಹುಟ್ಟಿದರೆ ಚಿಂತೆ ಮಾಡುವವನು. ಮನೆ ಬಿಟ್ಟು ನೂರು ಹೆಜ್ಜೆ ಹೋದ ಮೇಲೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಅಂತ ತಿರುಗಿ ಬರುತ್ತೇನೆ. ನಮ್ಮ ಮನೆಯಲ್ಲಿ ಗ್ಯಾಸ್ ಹಚ್ಚುವವನು ನಾನಲ್ಲ ಎಂಬುದು ಬೇರೆ ಮಾತು. ಇಂಥವನಿಗೆ ದೇವರು ಕೊಟ್ಟ ಕೆಲಸ ಏನೆಂದರೆ, ಗಾಡಿ ಓಡಿಸಲು ಬಾರದವರ ಪಕ್ಕದಲ್ಲಿ ದಿನಾ ಎಂಟು ತಾಸು ಕೂಡುವುದು. ಕಲಿಸುವ ಕಾರಿನಲ್ಲಿ ನಮ್ಮ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ನಾವು ಒತ್ತಿದರೆ ಅವರ ಬ್ರೇಕೂ ಕೆಳಗೆ ಹೋಗುತ್ತದೆ. ಅಪಾಯ ಬಂದಾಗ ಒತ್ತಲೆಂದು ಇಟ್ಟದ್ದು ಅದು. ನಾನು ಇಪ್ಪತ್ತು ವರ್ಷದಿಂದ ಅದರ ಮೇಲಿನ ಕಾಲು ತೆಗೆದವನಲ್ಲ. ನಿದ್ದೆಯಲ್ಲೂ ಬ್ರೇಕ್ ಒತ್ತಿ ಹೊದಿಕೆ ಕೆಳಗೆ ತಳ್ಳುತ್ತೇನೆ ಅಂತ ಹೆಂಡತಿ ಬೇರೆ ಹಾಸಿಗೆ ಹಾಸಿಕೊಂಡಿದ್ದಾಳೆ.

ಅಕ್ಕಾರು ಗಾಡಿ ಕಲಿಯಲು ಬಂದದ್ದು ಬ್ಯಾಡಗಿಗೆ ಹೋಗಿ ಬರಲು. ಅಲ್ಲಿ ಮಳೆಗಾಲದಲ್ಲಿ ಖಾಲಿ ಬಿದ್ದ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ, ಇಬ್ಬರು ಹಮಾಲರು ಮತ್ತು ಕಾಯಿಯ ತೊಟ್ಟು ಬಿಡಿಸುವ ಮೂವರು ಹೆಂಗಸರನ್ನು ಸೇರಿಸಿ ಒಂದು ನೃತ್ಯ ಕಟ್ಟುತ್ತಿದ್ದರು. ಬಸ್ಸಿನ ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಇನ್ನಷ್ಟು ಕೆಟ್ಟಿತ್ತು. ಹತ್ತು ದಿನ ಊರೊಳಗೆ ಕಲಿಸಿದೆ. ಹನ್ನೊಂದನೆಯ ದಿನ ಹೈವೇ ಮೇಲೆ ಬ್ಯಾಡಗಿಗೆ ಹೊರಟೆವು. ಮೋಟೆಬೆನ್ನೂರಿನ ಹತ್ತಿರ ಒಂದು ಟ್ರ್ಯಾಕ್ಟರ್ ಅಡ್ಡ ಬಂತು. ಗಾಡಿ ಮೆತ್ತಗೆ ನಿಂತಿತು.

"ಭಾಳ ಚಲೋ ಹಿಡದ್ರಿ ಬ್ರೇಕು," ಅಂದೆ.

ಅವರು ಗಾಡಿಯನ್ನು ಬದಿಗೆ ತಂದು ಬಂದ್ ಮಾಡಿ ನನ್ನ ಕಾಲು ನೋಡಿದರು. "ನಾ ಹಿಡಿದಿಲ್ರಿ. ನಾ ಒತ್ತೂದಕ್ಕಿಂತ ಮೊದಲ ಪೆಡಲ್ ಕೆಳಗ ಹೋಗೇತಿ. ಇವತ್ತಷ್ಟ ಅಲ್ಲ, ಹನ್ನೊಂದು ದಿನಾನೂ."

ಇಪ್ಪತ್ತು ವರ್ಷದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. "ಯಾವಾಗ ತಿಳೀತ್ರಿ?"

"ಮೊದಲ್ನೇ ದಿನಾನ. ಜೋಡಿ ಕುಣಿಯೂವಾಗ ಬೆನ್ನ ಹಿಂದ ನಿಂತಾಂವ ಎಷ್ಟು ಅಂಜ್ಯಾನ ಅನ್ನೂದು ಅಂಗಾಲಿಗೆ ಗೊತ್ತಾಗತೈತಿ. ನೀವು ಭಾಳ ಅಂಜ್ತೀರಿ ಗುರುಗಳ."

"ಮತ್ತ ಯಾಕ ಹೇಳಲಿಲ್ರಿ?"

"ತಾವಾಗೇ ಕಾಲು ತೆಗೀತಾರೇನೋ ಅಂತ ಕಾದೆ. ನಾ ಓಡಸಾಕತ್ತೇನಿ ಅಂತ ನನಗೊಮ್ಮೆ ಅನಸಬೇಕಲ್ರಿ? ಇಲ್ಲೀತನಕ ಓಡಿಸಿದಾವ್ರು ನೀವು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ನಾಚಿಕೆಯಾಯಿತು. ಅವರು ಹೇಳಿದ್ದು ಅವರೊಬ್ಬರ ಮಾತಾಗಿರಲಿಲ್ಲ. ನನ್ನ ಹತ್ತಿರ ಕಲಿತು ಹೋದ ನೂರಾರು ಮಂದಿ ಮೊದಲ ಸಲ ಒಬ್ಬರೇ ಗಾಡಿ ಹತ್ತಿದಾಗ ಏನಾಗಿರಬೇಕು ಅಂತ ಆ ದಿನ ಮೊದಲ ಸಲ ಯೋಚಿಸಿದೆ. ಯೋಚಿಸಿ ಏನು ಬಂತು, ಮುಂದಿನ ತಿರುವಿನಲ್ಲಿ ಮತ್ತೆ ಕಾಲು ಬ್ರೇಕಿನ ಮೇಲೇ ಇತ್ತು.

ಗೋದಾಮಿನಲ್ಲಿ ನಾನು ಖಾಲಿ ಚೀಲಗಳ ಮೇಲೆ ಕೂತು ಕಾಯುತ್ತಿದ್ದೆ. ಕಾಯಿ ಇಲ್ಲದಿದ್ದರೂ ಘಾಟು ಗೋಡೆಯಲ್ಲಿ ಉಳಿದಿತ್ತು. ಎಲ್ಲರೂ ಸೀನುವವರೇ. ಒಬ್ಬಾಕೆ ಸೆರಗಿನಿಂದ ಮೂಗು ಮುಚ್ಚಿ ಸೀನು ತಡೆದರೆ ಅಕ್ಕಾರು, "ತಡೀಬ್ಯಾಡವಾ, ಸೀನು ಬಿಡು. ಕುಣಿತದಾಗ ಅದಕ್ಕೂ ಜಾಗಾ ಐತಿ" ಅನ್ನುವರು. ಹಾಡಿಲ್ಲ, ತಾಳವಿಲ್ಲ, ಕನ್ನಡಿಯಿಲ್ಲ. "ಕನ್ನಡಿ ನೋಡಿ ಕುಣದ್ರ ಹ್ಯಾಂಗ ಕಾಣತೇನಿ ಅನ್ನೂದ ಚಿಂತಿ. ಪಕ್ಕದಾಗ ಯಾರದಾರ ಅನ್ನೂದು ಮರೀತೈತಿ." ಹಮಾಲರು ಚೀಲ ಎತ್ತುವ ರೀತಿಯನ್ನೇ ಅವರು ನಿಧಾನ ಮಾಡಿಸುತ್ತಿದ್ದರು. ಒಬ್ಬ ಬಾಗುವುದು, ಇನ್ನಿಬ್ಬರು ಅವನ ಬೆನ್ನ ಮೇಲೆ ಏರಿಸುವುದು, ಚೀಲದ ಬದಲು ಮನುಷ್ಯರನ್ನು. ಹೆಜ್ಜೆ ಇಡುವುದೆಂದರೆ ಬೀಳಲು ಹೊರಟು ತಪ್ಪಿಸಿಕೊಳ್ಳುವುದು, ಎಲ್ಲ ಕುಣಿತವೂ ಅಷ್ಟೇ, ಅಂತ ಅವರು ಹೇಳಿದಾಗ ಹಿರಿಯ ಹಮಾಲ ತಲೆ ಆಡಿಸಿ, "ಇದನ್ನ ಕಲಿಯಾಕ ನೀವು ಅಷ್ಟು ದೂರ ಹೋಗಿದ್ರೇನ್ರಿ ಅಕ್ಕಾರ?" ಅಂದ. ಅವರು ಗೋಡೆಗೆ ಒರಗಿ ಬಹಳ ಹೊತ್ತು ನಕ್ಕರು.

ನೃತ್ಯದ ಕೊನೆಯಲ್ಲಿ ಒಬ್ಬರು ಹಿಂದಕ್ಕೆ ಬೀಳಬೇಕು, ಉಳಿದವರು ಹಿಡಿಯಬೇಕು. ಒಬ್ಬಾಕೆ ಬಿದ್ದಾಗ ನಾನು ಕೂತಲ್ಲೇ ಬಲಗಾಲು ಒತ್ತಿದೆ. ಅಕ್ಕಾರು ಅವಳನ್ನು ನೋಡುತ್ತಿರಲಿಲ್ಲ, ನನ್ನ ಕಾಲು ನೋಡುತ್ತಿದ್ದರು.

"ಗುರುಗಳ, ಏಳ್ರಿ. ಬೀಳೂ ಪಾತ್ರ ನಿಮ್ಮದು."

"ನನಗ ಸಂಸಾರ ಐತ್ರಿ."

"ಬಿದ್ದ ಮ್ಯಾಲೂ ಇರತೈತಿ."

ಮನೆಯಲ್ಲಿ ಹೇಳಿದೆ. ಹೆಂಡತಿ ರೊಟ್ಟಿ ತಟ್ಟುತ್ತಲೇ, "ನಿಮ್ಮನ್ನ ಹಿಡಿಯಾವ್ರ ಸಂಸಾರದ ಬಗ್ಗೆ ವಿಚಾರ ಮಾಡೀರೇನು?" ಅಂದಳು. ನನ್ನ ಹೊಟ್ಟೆಯ ಕಡೆ ನೋಡಿ ಹೇಳಿದ ಮಾತು.

ಎರಡು ತಿಂಗಳು ತಾಲೀಮು ನಡೆಯಿತು. ಒಂದು ಸಲವೂ ಬೀಳಲಿಲ್ಲ. ಬೆನ್ನು ಹಿಂದಕ್ಕೆ ಬಾಗುವುದು, ಬಲಗಾಲು ಹಿಂದೆ ಹೋಗಿ ಊರುವುದು. "ನಾವು ಕ್ವಿಂಟಲ್ ಹೊತ್ತಾವ್ರು, ನೀವೆಷ್ಟರ ಇದ್ದೀರಿ ಬರ್ರಿ" ಅಂತ ಹಿರಿಯ ಹಮಾಲ ಧೈರ್ಯ ಹೇಳುವನು. ಅವನ ಕೈ ಮೇಲೆ ನನಗೆ ಸಂಶಯವಿರಲಿಲ್ಲ. ಯಾವುದರ ಮೇಲೆ ಇತ್ತೋ ಗೊತ್ತಿಲ್ಲ. ಈ ನಡುವೆ ಅಕ್ಕಾರಿಗೆ ಲೈಸೆನ್ಸ್ ಬಂತು. ಪರೀಕ್ಷೆಯ ದಿನ ನಾನು ಪಕ್ಕದಲ್ಲಿ ಇರಲಿಲ್ಲ. ಅದಕ್ಕೇ ತಾವು ಪಾಸಾದದ್ದು ಅಂತ ಎಲ್ಲರ ಮುಂದೆ ಹೇಳಿದರು.

ಪ್ರದರ್ಶನ ರಾಣೆಬೆನ್ನೂರಿನಲ್ಲಿ, ಒಂದು ಕಲ್ಯಾಣಮಂಟಪದ ವೇದಿಕೆಯ ಮೇಲೆ. ಮುಂದಿನ ಸಾಲಿನ ಹಿರಿಯರೊಬ್ಬರು ಕಾಲು ಗಂಟೆ ಕಾದು, "ಹಾಡು ಯಾವಾಗ ಚಾಲೂ ಆಗತೈತಿ?" ಅಂತ ಪಕ್ಕದವರನ್ನು ಕೇಳಿದ್ದು ವೇದಿಕೆಗೂ ಕೇಳಿಸಿತು. ಕೊನೆಯ ಗಳಿಗೆ ಬಂತು. ನಾನು ಕಣ್ಣು ಮುಚ್ಚಿದೆ, ಬೆನ್ನು ಬಾಗಿಸಿದೆ. ಬಲಗಾಲು ಹಿಂದೆ ಹೋಗಿ ಊರಿತು.

ಕಣ್ಣು ತೆರೆದರೆ ಎಲ್ಲರೂ ಬಿದ್ದಿದ್ದರು, ಹಮಾಲರು, ಹೆಂಗಸರು, ನನ್ನ ಸುತ್ತ ವರ್ತುಲವಾಗಿ. ನಾನೊಬ್ಬನೇ ನಿಂತಿದ್ದೆ. ನಾನು ಬೀಳದಿದ್ದರೆ ನೀವು ಬೀಳಿರಿ ಅಂತ ಅಕ್ಕಾರು ಅವರಿಗೆ ಮೊದಲೇ ಹೇಳಿಟ್ಟಿದ್ದರಂತೆ. ಭಾರೀ ಚಪ್ಪಾಳೆ. ಹಾಡು ಯಾವಾಗ ಅಂತ ಕೇಳಿದ್ದ ಹಿರಿಯರೇ ಒಳಗೆ ಬಂದು ನನ್ನ ಕೈ ಹಿಡಿದು, "ಎಲ್ಲಾರೂ ಬಿದ್ರೂ ನೀವು ಬೀಳಲಿಲ್ಲ, ಏನು ಅರ್ಥ ಇತ್ರೀ ಅದರಾಗ" ಅಂದರು. ನಾನು ಅರ್ಥ ಇದ್ದವನ ಹಾಗೆ ಕೈ ಮುಗಿದೆ.

ಅಕ್ಕಾರು ಮಾತ್ರ ಒಂದು ಮೂಲೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದರು. "ನೋಡಾಕ ಚಲೋ ಆತ್ರಿ. ಆದ್ರ ಅದನ್ನ ಮಾಡಿದ್ದು ನೀವಲ್ಲ, ನಿಮ್ಮ ಅಂಜಿಕಿ. ನನಗೊಂದು ಬೀಳೂದು ಬಾಕಿ ಉಳಿಸಿಕೊಂಡ್ರಿ ಗುರುಗಳ."

ಆಮೇಲೆ ಅವರು ಒಂದು ಹಳೆಯ ಸಣ್ಣ ಕಾರು ತೆಗೆದುಕೊಂಡರು. ಇನ್ನೆರಡು ಮಳೆಗಾಲ ಬ್ಯಾಡಗಿಗೆ ಒಬ್ಬರೇ ಹೋಗಿ ಬಂದರು. ಮೂರನೆಯದರಲ್ಲಿ ಹೊಟ್ಟೆಯ ಬೇನೆ ಶುರುವಾಯಿತು. ಆಸ್ಪತ್ರೆಗೆ ತಿರುಗಾಡಿ ಬಂದವರು ನನಗೆ ಫೋನ್ ಮಾಡಿ, ಕಾಯಿಲೆಯ ಹೆಸರನ್ನು ಊರಿನ ಹೆಸರು ಹೇಳುವ ಹಾಗೆ ಹೇಳಿದರು. "ಗೋದಾಮಿಗೆ ಒಮ್ಮೆ ಹೋಗಬೇಕಾಗೇತಿ. ಬಾಜೂಕ ಕುಂದ್ರಾಕ ಬರ್ರಿ" ಅಂದರು. ನಾನು ಓಡಿಸುತ್ತೇನೆ ಅಂದೆ. "ಕುಂದ್ರಾಕ ಬರ್ರಿ ಅಂದೆ" ಅಂದರು.

ಅವರು ಚಪ್ಪಲಿ ಬಿಟ್ಟರು, ನಾನು ಎತ್ತಿ ಹಿಂದೆ ಇಟ್ಟೆ. ಸ್ಟೇರಿಂಗ್ ಹಿಡಿದ ಅವರ ಕೈ ಕಡ್ಡಿಯಾಗಿತ್ತು. ಅವರ ಕಾರಿನಲ್ಲಿ ನನ್ನ ಕಡೆ ಬ್ರೇಕ್ ಇಲ್ಲ. ಆದರೂ ಹೈವೇ ಉದ್ದಕ್ಕೂ ಬಲಗಾಲು ಕೆಳಗಿನ ಮ್ಯಾಟನ್ನು ಒತ್ತುತ್ತಲೇ ಇತ್ತು. ಮೋಟೆಬೆನ್ನೂರಿನ ತಿರುವು ದಾಟಿದ ಮೇಲೆ ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಕಾಲು ಮ್ಯಾಲ ತಗೋರಿ."

"ಅಕ್ಕಾರ..."

"ಎರಡೂ. ಊಟಕ್ಕ ಕುಂತಂಗ ಕುಂದರ್ರಿ."

ಚಪ್ಪಲಿ ಬಿಟ್ಟು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಒತ್ತಲು ಕೆಳಗೆ ಏನೂ ಇಲ್ಲ. ಎರಡೂ ಬದಿಗೆ ಗೋವಿನಜೋಳ ಎದೆಮಟ್ಟ ಬೆಳೆದಿತ್ತು. ಅಷ್ಟರಲ್ಲಿ ಒಂದು ಕುರಿ ಹಿಂಡು ರಸ್ತೆಗೆ ಇಳಿಯಿತು. ನಾನಾಗಿದ್ದರೆ ಎಷ್ಟೋ ಮೊದಲೇ ಒತ್ತುತ್ತಿದ್ದೆ. ಅವರು ಒತ್ತಲಿಲ್ಲ. ಇನ್ನೂ ಒತ್ತಲಿಲ್ಲ. ನನ್ನ ಮೈ ಬಿಗಿಯಲು ಹೋಗಿ, ಏನನ್ನು ಬಿಗಿಯಬೇಕೋ ತಿಳಿಯದೆ, ಸಡಿಲಾಯಿತು. ಗಾಡಿ ಕೊನೆಯ ಕುರಿಯಿಂದ ಒಂದು ಮಾರು ದೂರದಲ್ಲಿ ನಿಂತಿತು. ನಾನು ಮುಂದಕ್ಕೆ ಹೋಗಿ, ಬೆಲ್ಟಿಗೆ ತಾಗಿ, ಹಿಂದಕ್ಕೆ ಬಂದು ಸೀಟಿಗೆ ಒರಗಿದೆ.

"ಹಾಂ," ಅಂದರು ಅಕ್ಕಾರು. "ಈಗ ಬಿದ್ರಿ ನೋಡ್ರಿ."

ಕುರಿ ದಾಟಿದ ಮೇಲೆ ಗಾಡಿ ಮತ್ತೆ ಹೊರಟಿತು. ಗೋದಾಮಿನಲ್ಲಿ ಅವರು ಒಂದು ಸಲ ಗೋಡೆಯಿಂದ ಗೋಡೆಗೆ ನಡೆದರು. ಸೀನಿದರು. ತಿರುಗಿ ಬಂದೆವು. ಬರುವಾಗಲೂ ನನ್ನ ಕಾಲು ಮೇಲೇ ಇದ್ದವು.

ದಸರೆಗೆ ಮೊದಲೇ ಅವರು ಹೋದರು. ಬ್ಯಾಡಗಿಯಿಂದ ಹಮಾಲರು ಬಂದು ಹೆಗಲು ಕೊಟ್ಟರು. ಒಂದು ಬದಿಗೆ ನಾನಿದ್ದೆ. ಹಿರಿಯ ಹಮಾಲ ನಾಲ್ಕು ಹೆಜ್ಜೆ ನಡೆದವನು ನನ್ನ ಕಡೆ ತಿರುಗಿ, "ಭಾರನ ಇಲ್ಲಲ್ರಿ ಗುರುಗಳ" ಅಂದ. ಅಕ್ಕಾರು ಕರೆಯುವ ಹಾಗೆ ಅವನು ನನ್ನನ್ನು ಕರೆದದ್ದು ಅದೇ ಮೊದಲು. ಎಲ್ಲ ಮುಗಿಸಿ ತಿರುಗಿ ಬಂದಾಗ ಅವರ ಚಪ್ಪಲಿ ಕೋಣೆಯ ಬಾಗಿಲ ಹೊರಗೆ ಇದ್ದವು. ರೂಢಿಯಂತೆ ಎತ್ತಿ ಒಳಗಿಟ್ಟೆ.

ನನ್ನ ಚಿಂತೆಯೇನೂ ವಾಸಿಯಾಗಿಲ್ಲ. ಇದನ್ನು ಬರೆಯುವಾಗಲೂ ಎರಡು ಸಲ ಎದ್ದು ಸ್ಕೂಲಿನ ಬೀಗ ನೋಡಿ ಬಂದಿದ್ದೇನೆ. ಆದರೆ ನನ್ನಲ್ಲಿ ಕಲಿಯುವವರನ್ನು ಕೊನೆಯ ದಿನ ಕರ್ಜಗಿ ಕಡೆಯ ಖಾಲಿ ರಸ್ತೆಗೆ ಕರೆದೊಯ್ಯುತ್ತೇನೆ. ಹಿಂದೆ ಮುಂದೆ ಮೂರು ಸಲ ನೋಡಿ, ದೇವರನ್ನು ನೆನೆದು, ಎರಡನೇ ಬ್ರೇಕಿನ ಮೇಲಿನ ಕಾಲು ತೆಗೆದು ಸೀಟಿನ ಮೇಲೆ ಮಡಚಿ ಕೂಡುತ್ತೇನೆ. ಹೋದ ವಾರ ಒಬ್ಬ ಹುಡುಗಿ ಓರೆಗಣ್ಣಲ್ಲಿ ನೋಡಿ ಕೇಳಿದಳು:

"ಸರ್, ಏನ್ ಮಾಡಾಕತ್ತೀರಿ?"

"ಬೀಳಾಕತ್ತೇನಿ ತಂಗಿ," ಅಂದೆ. "ನೀ ಮುಂದ ನೋಡಿ ಓಡಸು."