ಓಬುಳೇಶ್ ಮೇಷ್ಟ್ರ ಕತ್ತಲೆ ಕೋಣೆ

ಹಿಂದೂಪುರದ ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಓಬುಳೇಶ್ ಮೇಷ್ಟ್ರಿಗೆ ಬೆಳಕು ಕಂಡರಾಗದು. ಕಲ್ಯಾಣದುರ್ಗದ ಕಾಲೇಜಿನಲ್ಲಿ ಕಿಟಕಿಗಳಿಗೆಲ್ಲ ಕಪ್ಪು ಬಣ್ಣ ಬಳಿದು, ಪ್ರಿನ್ಸಿಪಾಲರೊಂದಿಗೆ ಜಗಳವಾಡಿ ವರ್ಗವಾಗಿ ಬಂದ ಆಸಾಮಿ ಇವರು. ಇಲ್ಲಿಯೂ ಬಂದ ದಿನವೇ ಲ್ಯಾಬಿನ ಹಿಂದಿನ ಕೋಣೆಗೆ ಕಂಬಳಿ ಕಟ್ಟಿದರು. ಸಣ್ಣ ಸಿಟ್ಟಿಗೆ ಕನ್ನಡ, ದೊಡ್ಡ ಸಿಟ್ಟಿಗೆ ತೆಲುಗು. ಯಾರಾದರೂ ಮೊಬೈಲಿನ ಟಾರ್ಚು ಹಿಡಿದು ಒಳಗೆ ಬಂದರೆ ಎರಡೂ. "ಒಂದೇ ಒಂದು ಅಣು ಕಣಯ್ಯಾ, ಅದೇ ಸ್ವಿಚ್ಚು. ಅದ್ರೊಳಗಿನ ಉಂಗುರ ಕೂಡ್ಕೊಂಡಿದ್ರೆ ಕರೆಂಟು ಹರೀತದೆ, ಬೆಳಕು ಬಿದ್ರೆ ಬಿಟ್ಕೊಂಡು ನಿಂತೋಯ್ತದೆ. ಸೀಸೇಲಿ ಕರಗಿಸಿಟ್ಟಿದ್ರೆ ಬೇರೆ ಥರದ ಬೆಳಕು ತೋರ್ಸಿ ಮತ್ತೆ ಕೂಡಿಸ್ಬೋದು, ಚಿನ್ನದ ತಗಡಿಗೆ ಅಂಟಿಸಿದ್ಮೇಲೆ ಬಿಟ್ಕೊಂತೋ, ಮುಗೀತು," ಎಂದು ಕೇಳದವರಿಗೂ ಬೈದಂತೆಯೇ ವಿವರಿಸುತ್ತಾರೆ. ಅಂಥ ತಗಡೊಂದನ್ನು ನಾಲ್ಕು ತಿಂಗಳು ಕೂತು ಸಿದ್ಧಮಾಡಿ, ಒಂದು ಮುಚ್ಚಂಜೆ ಅದನ್ನು ಮುಂದಿಟ್ಟುಕೊಂಡು ಕೂತಿದ್ದಾಗ, ಕಸ ಗುಡಿಸುವ ಬೀರಕ್ಕ ಒಳಗೆ ಬಂದು, ಎಲ್ಲ ಕೋಣೆಗಳಲ್ಲಿ ಮಾಡುವಂತೆ ಟ್ಯೂಬ್‌ಲೈಟ್ ಹಾಕಿ, ದೀಪಕ್ಕೆ ಕೈಮುಗಿದಳು. ತಗಡು ಕೆಟ್ಟಿತು. ಮೇಷ್ಟ್ರ ತೆಲುಗು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು. ಬೀರಕ್ಕ ಪೊರಕೆ ಎತ್ತಿಕೊಂಡು, "ಬೈರಿ ಸಾಮಿ. ದೀಪ ಹಚ್ಚೋ ಹೊತ್ನಾಗೆ ಮನುಷ್ಯ ಒಬ್ನೇ ಕತ್ಲಾಗೆ ಕೂತಿರ್ಬಾರ್ದು ಅಂತ ಹಾಕ್ದೆ," ಎಂದು ಹೊರಟಳು. ಆಮೇಲೆ ಅವಳು ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ಸಂಜೆ ಮೇಷ್ಟ್ರು ಸೀಸೆಗಳನ್ನೆಲ್ಲ ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟು, ಕಂಬಳಿ ಸರಿಸಿ ಹೊರಗೆ ಬಂದು, ಇಡೀ ವರಾಂಡಕ್ಕೆ ಕೇಳುವಂತೆ ತೆಲುಗಿನಲ್ಲೇ ಬೈದರು: ದೀಪ ಹಾಕುವ ಹೊತ್ತು ಮೀರಿತು, ಈ ಬೀರಕ್ಕ ಎಲ್ಲಿ ಹಾಳಾಗಿ ಹೋದಳು.